ಎರಡು ಗೆರೆ, ಒಂದೇ ಪೈಪು: ಗಂಗಾವತಿ ಕಡೆ ಫೈಬರ್ ಹಾಕಿದ ನನ್ನ ಅನುಭವ

ಗಂಗಾವತಿ ಸುತ್ತಮುತ್ತ ಇಂಟರ್ನೆಟ್ ಲೈನ್ ಹಾಕುವುದು ನನ್ನ ಕೆಲಸ, ಗಿರಾಕಿಗಳಲ್ಲಿ ರೈಸ್ ಮಿಲ್‌ನವರೇ ಜಾಸ್ತಿ. ಮೊದಲು ಕೇಬಲ್ ಟಿವಿ ಮಾಡುತ್ತಿದ್ದೆ, ಕಂಬ ಎಲ್ಲಿದೆ ನೋಡಿ ವೈರ್ ಎಳೆಯುವುದು, ಅಷ್ಟೇ. ಶ್ರೀರಾಮನಗರ, ಸಿದ್ದಾಪುರ, ಕಾರಟಗಿ ಅಂತ 14 ಪಾಯಿಂಟ್‌ಗಳಿಗೆ ಸ್ವಂತ ಫೈಬರ್ ಹಾಕುವಾಗ ಮಾತ್ರ, ದುಡ್ಡು ನನ್ನದೇ ಅಲ್ವಾ, ಕೂತು ಲೆಕ್ಕ ಹಾಕಿದೆ.

ಬೈಕಿನಲ್ಲಿ ಓಡಾಡಿ, ಎಲ್ಲಿಂದ ಎಲ್ಲಿಗೆ ಲೈನ್ ಹಾಕಬಹುದು, ಎಷ್ಟು ಖರ್ಚು ಅಂತ 41 ದಾರಿ ಬರೆದುಕೊಂಡೆ. ಆಮೇಲೆ ಗಣಿತಜ್ಞ ಕ್ರುಸ್ಕಲ್ 1956ರಲ್ಲಿ ಹೇಳಿದ ವಿಧಾನ: ಅಗ್ಗದ್ದರಿಂದ ಶುರು ಮಾಡಿ ಒಂದೊಂದೇ ತಗೋ, ಸುತ್ತು ಬೀಳುವ ಹಾಗಿದ್ದರೆ ಬಿಡು. 13 ಲೈನಿಗೆ ಎಲ್ಲ ಊರೂ ಸೇರಿತು. ಈ 41 ದಾರಿಗಳಲ್ಲಿ ಇದಕ್ಕಿಂತ ಕಡಿಮೆ ಖರ್ಚಿನಲ್ಲಿ ಸೇರಿಸಲು ಆಗುವುದೇ ಇಲ್ಲ. (ಇದೇ ಲೆಕ್ಕವನ್ನು 1926ರಲ್ಲೇ ಬೊರೂವ್ಕಾ ಅನ್ನುವವರು ಈಗಿನ ಚೆಕ್ ದೇಶದಲ್ಲಿರುವ ಮೊರಾವಿಯಾದ ಕರೆಂಟ್ ಲೈನಿಗೆ ಮಾಡಿದ್ದರು, ನನ್ನ ಕಷ್ಟ ಹೊಸದೇನಲ್ಲ.)

ಬೇಸಿಗೆ ಬಂತು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಡುವುದು ನಿಂತ ಕೂಡಲೇ ರಿಪೇರಿ ಶುರು, ರಿಪೇರಿ ಅಂದರೆ ಜೆಸಿಬಿ. ಒಂದು ಬಕೆಟ್ ಏಟಿಗೆ 9 ಪಾಯಿಂಟ್ ಸತ್ತವು. ಮಿಲ್‌ನವರ ಬೈಗುಳ ಕೇಳುತ್ತಾ ರಾತ್ರಿ ಟಾರ್ಚ್ ಹಿಡಿದು ಸ್ಪ್ಲೈಸಿಂಗ್, ಅಂದರೆ ಕಡಿದ ಫೈಬರ್ ಬೆಸೆಯುವ ಕೆಲಸ, ಮಾಡಿದೆ.

ತಪ್ಪು ಲೆಕ್ಕದ್ದಲ್ಲ, ನಾನು ಕೇಳಿದ ಪ್ರಶ್ನೆಯದು. ಅಗ್ಗದ್ದು ಕೇಳಿದೆ, ಅಗ್ಗದ್ದೇ ಸಿಕ್ಕಿತು. ಯಾವ ಗೆರೆ ಕಡಿದರೆ ಜಾಲ ಎರಡು ತುಂಡಾಗುತ್ತದೋ ಅದಕ್ಕೆ ಗ್ರಾಫ್ ಲೆಕ್ಕದಲ್ಲಿ (ಪಾಯಿಂಟ್ ಮತ್ತು ಅವನ್ನು ಸೇರಿಸುವ ಗೆರೆಗಳ ಗಣಿತ) ಸೇತುವೆ ಅಂತಾರೆ. ಸುತ್ತೇ ಇಲ್ಲದ ನನ್ನ ಜಾಲದಲ್ಲಿ (ಇಂಥದ್ದಕ್ಕೆ ಮರ ಅಂತಾರೆ) 13ಕ್ಕೆ 13ಗೂ ಸೇತುವೆಯೇ!

ಒಂದೇ ಲೈನ್ ಇರುವ, ತುದಿಗೆ ನಿಂತ ಊರುಗಳು 5. ಈಶ್ವರನ್ ಮತ್ತು ಟಾರ್ಜನ್ 1976ರಲ್ಲಿ ತೋರಿಸಿದ್ದು ಸರಳವಾಗಿದೆ: ಸೇತುವೆ ಒಂದೂ ಉಳಿಯಬಾರದು ಅಂದರೆ ತುದಿಗಳ ಸಂಖ್ಯೆಯ ಅರ್ಧ (ಸಂಖ್ಯೆ ಬೆಸವಾದರೆ ಒಂದು ಸೇರಿಸಿ ಅರ್ಧ), ಕನಿಷ್ಠ ಅಷ್ಟು ಹೊಸ ಲೈನ್ ಬೇಕು. ಅಂದರೆ 3. ಆದರೆ ಖರ್ಚೂ ಸೇರಿದರೆ ದೊಡ್ಡ ಜಾಲದಲ್ಲಿ ಇದು ಬೇಗ ಬಿಡಿಸುವ ವಿಧಾನ ಗೊತ್ತಿಲ್ಲದ ಕಗ್ಗಂಟು. ನಂದು ಚಿಕ್ಕದು, ಉಳಿದ 28 ದಾರಿಗಳಲ್ಲಿ ಮೂರು ಮೂರು ಆರಿಸಿದರೆ 3276 ಜೋಡಣೆ, ನಾಲ್ಕು ನಾಲ್ಕಾದರೆ 20475. ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆದು ಎಲ್ಲವನ್ನೂ ಪರೀಕ್ಷೆ ಮಾಡಿಸಿದೆ, ಚಹಾ ತರುವಷ್ಟರಲ್ಲಿ ಮುಗಿದಿತ್ತು. ಮಜಾ ಏನಂದರೆ ಮೂರು ಉದ್ದ ಲೈನಿಗಿಂತ ನಾಲ್ಕು ಗಿಡ್ಡ ಲೈನ್ ಅಗ್ಗ ಬಂತು.

ಖುಷಿಯಲ್ಲಿ ಲೈನ್ ಹಾಕಿ ರಿಂಗ್ ಜೋಡಿಸಿದೆ ನೋಡಿ, ಇಡೀ ನೆಟ್‌ವರ್ಕ್ ಮಲಗಿತು. ಲೈನ್‌ಗಳು ಕೂಡುವ ಕಡೆ ಡೇಟಾ ದಾಟಿಸುವ ಪೆಟ್ಟಿಗೆಗಳು, ಅಂದರೆ ಸ್ವಿಚ್‌ಗಳು, ಸಾದಾ ಇದ್ದವು; ಒಂದೇ ಪ್ಯಾಕೆಟ್ (ಡೇಟಾದ ತುಣುಕು) ಗಾಣದೆತ್ತಿನ ಹಾಗೆ ಸುತ್ತಿ ಸುತ್ತಿ ಲೈನ್ ತುಂಬಿಸಿಬಿಟ್ಟಿತ್ತು. ಕಂಪ್ಯೂಟರ್ ತಜ್ಞೆ ರೇಡಿಯಾ ಪರ್ಲ್‌ಮನ್ 1985ರಲ್ಲಿ ಇದಕ್ಕೇ ಸ್ಪ್ಯಾನಿಂಗ್ ಟ್ರೀ ಪ್ರೋಟೋಕಾಲ್ ಮಾಡಿದ್ದು: ಸ್ವಿಚ್‌ಗಳು ತಾವೇ ಮಾತಾಡಿಕೊಂಡು ಹೆಚ್ಚುವರಿ ಲೈನನ್ನು ಮುಚ್ಚಿಡುತ್ತವೆ, ಒಂದು ಕಡಿದಾಗ ತೆರೆಯುತ್ತವೆ. ಹಳೆಯ ರೀತಿಯಲ್ಲಿ ಅದಕ್ಕೆ 30ರಿಂದ 50 ಸೆಕೆಂಡ್ ಬೇಕು, ರ‍್ಯಾಪಿಡ್ ಬಗೆಯಲ್ಲಿ ಬಹಳ ಬೇಗ. ಅದು ಬರುವ ಸ್ವಿಚ್ ಕೊಂಡೆ. ಸುತ್ತು ಹಾಕಿ, ಮತ್ತೆ ಮರ ಮಾಡಿಸಿದ ಹಾಗಾಯಿತು, ನಗು ಬಂತು.

ಇನ್ನೊಂದು ಬೇಸಿಗೆ, ಮತ್ತೆ ಜೆಸಿಬಿ, ಮತ್ತೆ 6 ಪಾಯಿಂಟ್ ಕಟ್. ಲೆಕ್ಕದಲ್ಲಿ ಸೇತುವೆ ಒಂದೂ ಇಲ್ಲ, ಆದರೂ ಹೇಗೆ? ಹೋಗಿ ನೋಡಿದರೆ ನಕ್ಷೆಯ ಮೇಲೆ ಬೇರೆ ಬೇರೆ ಇದ್ದ ಎರಡು ಗೆರೆ, ಕಾಲುವೆ ದಾಟುವ ಕಡೆ ಒಂದೇ ನಿಜವಾದ ಸೇತುವೆಯ ಒಂದೇ ಪೈಪಿನಲ್ಲಿ ಹೋಗಿದ್ದವು. ಹಾಕಿಸಿದವನು ನಾನೇ, ಅವತ್ತು ಒಂದು ಪೈಪಿನ ದುಡ್ಡು ಉಳಿಯಿತು ಅಂದುಕೊಂಡಿದ್ದೆ.

ಈಗ ಕಾಲುವೆಯ ಪ್ರತಿ ಸೇತುವೆಯನ್ನೂ, ಗೆರೆಗಳು ಕೂಡುವ ಪ್ರತಿ ಕಂಬವನ್ನೂ ಊರಿನ ಹಾಗೆಯೇ ಒಂದು ಪಾಯಿಂಟ್ ಅಂತ ಬರೆಯುತ್ತೇನೆ. ಆಗ ಯಾವ ಪಾಯಿಂಟ್ ಹೋದರೆ ಜಾಲ ತುಂಡಾಗುತ್ತದೆ ಅಂತ ಹುಡುಕಬಹುದು, ಹಾಪ್‌ಕ್ರಾಫ್ಟ್ ಮತ್ತು ಟಾರ್ಜನ್ 1973ರಲ್ಲಿ ಕೊಟ್ಟ ವಿಧಾನದಲ್ಲಿ ಎಲ್ಲ ಗೆರೆಗಳ ಮೇಲೆ ಒಂದೇ ಸಲ ಓಡಿದರೆ ಸಾಕು. ಆ ಪೈಪು ತಕ್ಷಣ ಸಿಕ್ಕಿಬಿತ್ತು. ಒಂದು ಲೈನನ್ನು ಮುಂದಿನ ಸೇತುವೆಗೆ ಸರಿಸಿದೆ.

ಆನೆಗುಂದಿ ಕಡೆ ಸೇರಿದ 15ನೇ ಪಾಯಿಂಟ್ ಮಾತ್ರ ಇನ್ನೂ ಒಂದೇ ಲೈನಿನಲ್ಲಿ ನೇತಾಡುತ್ತಿದೆ. ಅಲ್ಲಿ ಬಂಡೆ ಅಗೆಯಲು ಆಗಲ್ಲ, ವೈರ್ ಇಲ್ಲದ ರೇಡಿಯೋ ಲಿಂಕ್ ಹಾಕೋಣ ಅಂದರೆ ಅದೇ ಬಂಡೆ ಅಡ್ಡ.