ಗೋಡೆ ಮೇಲೆ ಹಸಿರು ಕಟ್ಟಡ: ಹಳೆ ಬಟ್ಟೆಯಲ್ಲೊಂದು ಕಲಾ ಕೌದಿ

ನಾನು ಮೊದಲ ಸಲ ಹೊಲಿದ ಹಸಿರು ಕಟ್ಟಡ ನೋಡಿ ಗೆಳತಿಯೊಬ್ಬಳು, 'ಪಾಳುಬಿದ್ದ ಮನೆ ಚೆನ್ನಾಗಿ ಬಂದಿದೆ' ಅಂದಳು. ಬೇಜಾರಾಯಿತು. ಆದರೆ ಅವಳು ಹೇಳಿದ್ದು ಸರಿಯಾಗಿತ್ತು. ಸಿಕ್ಕ ಕಡೆಯೆಲ್ಲ ಎಲೆ ಹೊಲಿದಿದ್ದೆ. ಕಿಟಕಿ ಎಲ್ಲಿದೆ, ಮಹಡಿ ಎಲ್ಲಿ ಮುಗಿಯುತ್ತದೆ, ಒಂದೂ ಗೊತ್ತಾಗುತ್ತಿರಲಿಲ್ಲ. ಗಿಡ ಕಟ್ಟಡವನ್ನು ನುಂಗಿದರೆ ಪಾಳು ಮನೆ. ಕಟ್ಟಡವೇ ಗಿಡಕ್ಕೆ ಜಾಗ ಮಾಡಿಕೊಟ್ಟಂತೆ ಕಂಡರೆ ಹಸಿರು ಕಟ್ಟಡ. ಬಟ್ಟೆಯಲ್ಲಿ ಅದನ್ನು ತೋರಿಸುವುದು ಹೇಗೆ ಅಂತ ನೋಡೋಣ.

ಕಲಾ ಕೌದಿ ಹೊದೆಯಲು ಅಲ್ಲ, ಗೋಡೆಗೆ ತೂಗುಹಾಕಲು. ಮೇಲೆ ಚಿತ್ರದ ಬಟ್ಟೆ, ನಡುವೆ ಹತ್ತಿಯ ತೆಳು ಪದರ, ಹಿಂದೆ ಅಸ್ತರು. ಈ ಮೂರನ್ನೂ ಸೇರಿಸಿ ಹೊಲಿಯಬೇಕು. ಪದೇ ಪದೇ ಒಗೆಯುವ ಗೋಜಿಲ್ಲ. ಹಾಗಾಗಿ ನೆಟ್, ಲೇಸು, ರೇಷ್ಮೆ ಚೂರು ಎಲ್ಲ ನಡೆಯುತ್ತದೆ.

ಮೊದಲು ಕಟ್ಟಡ ಆರಿಸಿ

ಸುಮ್ನೆ ಒಂದು ಗೋಪುರ ಬರೆದು ಮರ ಅಂಟಿಸಬೇಡಿ. ಕಟ್ಟಡ ಯಾವ ಉಪಾಯದಿಂದ ಹಸಿರಾಗಿದೆ ಅಂತ ತಿಳಿದುಕೊಳ್ಳಿ. ಆ ಉಪಾಯವೇ ನಿಮ್ಮ ವಿನ್ಯಾಸ.

ಇಟಲಿಯ ಮಿಲಾನ್‌ನಲ್ಲಿ 2014ರಲ್ಲಿ ಮುಗಿದ 'ಬೋಸ್ಕೊ ವರ್ಟಿಕಾಲೆ' ಎರಡು ಗೋಪುರಗಳ ವಸತಿ ಕಟ್ಟಡ. ಸ್ಟೆಫಾನೊ ಬೊಯೆರಿ ಅವರ ವಿನ್ಯಾಸ. ಅದರ ಬಾಲ್ಕನಿಗಳು ಒಂದರ ಮೇಲೊಂದು ಸಾಲಾಗಿ ಕೂತಿಲ್ಲ, ಅತ್ತಿತ್ತ ಸರಿದಿವೆ. ಮರ ಮೇಲಕ್ಕೆ ಬೆಳೆಯಲು ಜಾಗ ಸಿಗಲಿ ಅಂತ ಹೀಗೆ. ಸಿಂಗಪುರದ 'ಓಯೇಸಿಯಾ' ಹೋಟೆಲ್ ಗೋಪುರಕ್ಕೆ ಕೆಂಪು ಅಲ್ಯೂಮಿನಿಯಂ ಜಾಲರಿ ಹೊದಿಸಿ ಬಳ್ಳಿ ಹಬ್ಬಿಸಿದ್ದಾರೆ. ಕೆಂಪು ನೆಟ್ ಬಟ್ಟೆ ಇದ್ದರೆ ಅರ್ಧ ಕೆಲಸ ಮುಗಿದಂತೆ. ಅಮೆರಿಕದ ಸಿಯಾಟಲ್‌ನ 'ಬುಲಿಟ್ ಸೆಂಟರ್' ತಲೆ ಮೇಲೆ 575 ಸೌರಫಲಕಗಳಿವೆ. ಚಾವಣಿ ಗೋಡೆ ದಾಟಿ ದೊಡ್ಡ ಟೋಪಿಯ ಹಾಗೆ ಚಾಚಿಕೊಂಡಿದೆ. ಕಡು ನೀಲಿ ಚೌಕಳಿ ಅಂಗಿ ಅದಕ್ಕೆ ಹೇಳಿ ಮಾಡಿಸಿದಂತಿರುತ್ತದೆ.

ನನಗೆ ಜಾಸ್ತಿ ಇಷ್ಟವಾದದ್ದು ಜಿಂಬಾಬ್ವೆಯ ಹರಾರೆಯಲ್ಲಿರುವ, 1996ರ 'ಈಸ್ಟ್‌ಗೇಟ್ ಸೆಂಟರ್'. ಗೆದ್ದಲು ಹುತ್ತದೊಳಗೆ ಗಾಳಿ ಓಡಾಡುವ ಬಗೆಯಿಂದ ಅದರ ವಿನ್ಯಾಸ ಹುಟ್ಟಿತು. ರಾತ್ರಿಯ ತಂಪು ಗಾಳಿ ಕಾಂಕ್ರೀಟನ್ನು ತಣಿಸುತ್ತದೆ. ಹಗಲಿನ ಬಿಸಿ ಗಾಳಿ ಚಾವಣಿಯ ಚಿಮಣಿಗಳಿಂದ ಹೊರಗೆ ಹೋಗುತ್ತದೆ. ಕಣ್ಣಿಗೆ ಕಾಣದ ಆ ಗಾಳಿಯನ್ನು ಬರೀ ದಾರದ ಗೆರೆಯಲ್ಲಿ ತೋರಿಸಬಹುದು, ಅಲ್ವಾ? ಆದರೆ ಮೊದಲ ಪ್ರಯತ್ನಕ್ಕೆ ಬಾಲ್ಕನಿ ಗೋಪುರವೇ ಸುಲಭ. ಮುಂದಿನ ಅಳತೆಗಳೆಲ್ಲ ಅದಕ್ಕೇ.

ಬಟ್ಟೆ

ಪರಿಸರದ ಚಿತ್ರ ಮಾಡಲು ಹೊಸ ಬಟ್ಟೆಯ ಥಾನು ತರುವುದು ನನಗಂತೂ ಸರಿ ಕಾಣುವುದಿಲ್ಲ. ಹಳೆ ಅಂಗಿ, ಬೆಡ್‌ಶೀಟ್, ಜೀನ್ಸ್ ಸಾಕು. ಸಣ್ಣ ಗೆರೆಯ ಅಂಗಿ ಗೋಡೆಗೆ, ಜೀನ್ಸಿನ ಒಳಮೈ ಕಿಟಕಿ ಗಾಜಿಗೆ. ಹತ್ತಿ ಬಟ್ಟೆಯಾದರೆ ಒಳ್ಳೆಯದು. ಪಾಲಿಯೆಸ್ಟರ್ ಜೋರು ಇಸ್ತ್ರಿಗೆ ಕರಗುತ್ತದೆ. ಎಲ್ಲವನ್ನೂ ಒಗೆದು, ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ಬಣ್ಣ ಬಿಡುತ್ತದೆಯೇ ನೋಡಿ.

ಹಸಿರು ಒಂದೇ ಬೇಡ. ಹಳದಿ ಹಸಿರು, ಬೂದು ಹಸಿರು, ಹೆಚ್ಚುಕಡಿಮೆ ಕಪ್ಪೇ ಅನ್ನಿಸುವ ಹಸಿರು, ಹೀಗೆ ಐದಾರು ಇರಲಿ. ಚೂರುಗಳನ್ನು ಹರಡಿ ಫೋನಿನಲ್ಲಿ ಕಪ್ಪು ಬಿಳುಪು ಫೋಟೊ ತೆಗೆಯಿರಿ. ಅದರಲ್ಲಿ ಗೋಡೆಯೂ ಎಲೆಯೂ ಒಂದೇ ಬೂದಾಗಿ ಕಂಡರೆ ಬಟ್ಟೆ ಬದಲಿಸಿ. ನನ್ನ ಪಾಳು ಮನೆಯ ಅರ್ಧ ಕಾರಣ ಇದೇ ಆಗಿತ್ತು.

ಕಟ್ಟಡ ಕಟ್ಟುವುದು

ಮುಗಿದಾಗ ಕೌದಿ 20 ಇಂಚು ಅಗಲ, 30 ಇಂಚು ಎತ್ತರ ಇರುತ್ತದೆ. ಹಿನ್ನೆಲೆಯ ಬಟ್ಟೆಯನ್ನು 22x32 ಕತ್ತರಿಸಿ. ಹತ್ತಿ ಪದರ ಮತ್ತು ಅಸ್ತರು 24x34. ಹೊಲಿದಷ್ಟೂ ಬಟ್ಟೆ ಕುಗ್ಗುತ್ತದೆ. ಹಾಗಾಗಿ ಈ ಹೆಚ್ಚುವರಿ ಬೇಕೇ ಬೇಕು.

ಕಾಗದದ ಮೇಲೆ ಪೂರ್ತಿ ಅಳತೆಗೆ ಚಿತ್ರ ಬರೆಯಿರಿ. ಗೋಪುರ 8 ಇಂಚು ಅಗಲ, 22 ಇಂಚು ಎತ್ತರ. ನಟ್ಟನಡುವೆ ಬೇಡ, ಸ್ವಲ್ಪ ಪಕ್ಕಕ್ಕಿರಲಿ.

ಚೂರುಗಳನ್ನು ಕೂರಿಸಲು ಎರಡೂ ಬದಿ ಅಂಟುವ ಫ್ಯೂಸಿಂಗ್ ಹಾಳೆ ಬೇಕು. ಆಕಾರವನ್ನು ಅದರ ಕಾಗದದ ಬದಿಯಲ್ಲಿ ತಿರುವುಮುರುವಾಗಿ ಬರೆದುಕೊಳ್ಳಿ. ಸುತ್ತ ಸ್ವಲ್ಪ ಬಿಟ್ಟು ಕತ್ತರಿಸಿ, ಬಟ್ಟೆಯ ಒಳಮೈಗೆ ಇಸ್ತ್ರಿ ಮಾಡಿ. ಆಮೇಲೆ ಗೆರೆಯ ಮೇಲೆ ಕತ್ತರಿಸಿ ಕಾಗದ ಸುಲಿಯಿರಿ. ಎಲ್ಲ ಚೂರುಗಳನ್ನೂ ಜೋಡಿಸಿ ನೋಡುವ ತನಕ ಹಿನ್ನೆಲೆಗೆ ಅಂಟಿಸಬೇಡಿ.

ಜೋಡಿಸುವ ಕ್ರಮ ಮುಖ್ಯ. ಮೊದಲು ಗೋಡೆ, ಅದರ ಮೇಲೆ ಕಿಟಕಿ, ಆಮೇಲೆ ಗಿಡ, ಕೊನೆಗೆ ಬಾಲ್ಕನಿ ಪಟ್ಟಿ. ಗಿಡದ ಬುಡ ಪಟ್ಟಿಯ ಅಡಿಗೆ ಹೋಗಬೇಕು. ಆಗ ಗಿಡ ಬಾಲ್ಕನಿಯೊಳಗೆ ನಿಂತ ಹಾಗೆ ಕಾಣುತ್ತದೆ. ಪಟ್ಟಿಯ ಮೇಲೆ ಗಿಡ ಅಂಟಿಸಿದಿರೋ, ಗೋಡೆ ಬಿರುಕಿನಿಂದ ಎದ್ದ ಆಲದ ಸಸಿ ಆಗಿಬಿಡುತ್ತದೆ.

ಪಟ್ಟಿಗಳು 5 ಇಂಚು ಉದ್ದ, ಮುಕ್ಕಾಲು ಇಂಚು ಎತ್ತರ, ಒಟ್ಟು ಏಳು. ಒಂದು ಎಡಗೋಡೆ ದಾಟಿ ಒಂದಿಂಚು ಹೊರಗೆ ಬರಲಿ, ಅದರ ಮೇಲಿನದು ಬಲಗೋಡೆ ದಾಟಲಿ. ಗೋಪುರದ ಉದ್ದಕ್ಕೂ ಹೀಗೇ. ಈಗ ಎಡಬದಿಯ ಗಿಡದ ನೆತ್ತಿ ಮೇಲೆ ಖಾಲಿ ಜಾಗ ಉಳಿಯುತ್ತದೆ. ಅಲ್ಲಿ 4 ಇಂಚಿನ ಮರ ಆರಾಮಾಗಿ ನಿಲ್ಲುತ್ತದೆ. ಮಿಲಾನಿನ ಉಪಾಯವೇ ಇದು. ಪಟ್ಟಿಯ ಅಂಚುಗಳನ್ನು ಮಾತ್ರ ಸ್ಕೇಲಿಟ್ಟು ನೇರವಾಗಿ ಕತ್ತರಿಸಿ. ಎಲೆಗಳನ್ನು ಕೈಗೆ ಬಂದಂತೆ ಕತ್ತರಿಸಿದರೂ ನಡೆಯುತ್ತದೆ. ಒಂದೆರಡು ಬಳ್ಳಿ ಪಟ್ಟಿಯಿಂದ ಕೆಳಗೆ ಇಳಿಬಿದ್ದರೆ ಚೆಂದ. ಎರಡೇ ಸಾಕು.

ಮೂರು ಪದರ ಸೇರಿಸಿ

ಅಸ್ತರನ್ನು ಒಳಮೈ ಮೇಲಾಗಿ ಹಾಸಿ, ಸುಕ್ಕಿಲ್ಲದಂತೆ ಟೇಪಿನಿಂದ ಮೇಜಿಗೆ ಅಂಟಿಸಿ. ಅದರ ಮೇಲೆ ಹತ್ತಿ ಪದರ, ಆಮೇಲೆ ಚಿತ್ರ. ನಾಲ್ಕು ನಾಲ್ಕು ಇಂಚಿಗೆ ಸೇಫ್ಟಿ ಪಿನ್ ಹಾಕಿ, ಅಥವಾ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ.

ಹೊಲಿಗೆ ನಡುವಿನಿಂದ ಶುರುವಾಗಿ ಅಂಚಿನ ಕಡೆ ಹೋಗಲಿ. ಮೊದಲು ಎಲ್ಲ ಚೂರುಗಳ ಅಂಚು ಭದ್ರ ಮಾಡಿ. ಫ್ಯೂಸಿಂಗ್ ಒಂದನ್ನೇ ನಂಬಿದರೆ ಮೂಲೆಗಳು ಕ್ರಮೇಣ ಏಳುತ್ತವೆ. ಮೆಷಿನ್‌ನಲ್ಲಿ ಸ್ವಲ್ಪ ದಪ್ಪನೆಯ 90/14 ಅಳತೆಯ ಸೂಜಿ ಹಾಕಿ. ಎಲೆಗಳಿಗಾಗಿ ಬಟ್ಟೆ ಎಳೆಯುವ ಹಲ್ಲುಗಳನ್ನು ಕೆಳಗಿಳಿಸಿ, ಡಾರ್ನಿಂಗ್ ಫುಟ್ (ಬಟ್ಟೆಯನ್ನು ಬಿಗಿಯಾಗಿ ಒತ್ತಿ ಹಿಡಿಯದ ಮೆಷಿನ್ ಪಾದ) ಹಾಕಿದರೆ ಬಟ್ಟೆಯನ್ನು ಬೇಕಾದ ಕಡೆ ತಿರುಗಿಸಬಹುದು. ಕೈಹೊಲಿಗೆ ಆದರೆ ಸಾದಾ ರನ್ನಿಂಗ್ ಸ್ಟಿಚ್ ಸಾಕು.

ಒತ್ತಾಗಿ ಹೊಲಿದ ಜಾಗ ಒಳಗೆ ತಗ್ಗುತ್ತದೆ, ಬಿಡಿಯಾಗಿ ಹೊಲಿದದ್ದು ಉಬ್ಬುತ್ತದೆ. ಆಕಾಶಕ್ಕೆ ಅರ್ಧ ಇಂಚಿಗೊಂದರಂತೆ ಅಡ್ಡ ಗೆರೆ ಹೊಲಿಯಿರಿ. ಗೋಪುರ ತಾನಾಗಿಯೇ ಮುಂದೆ ಬರುತ್ತದೆ. ಮರಗಳಿಗೆ ಸುತ್ತ ಒಂದು ಗೆರೆ, ನಡುವೆ ಒಂದು ನರ, ಅಷ್ಟೇ. ಆದರೆ ಒಂದು ಮೂಲೆ ತೀರಾ ಒತ್ತು, ಇನ್ನೊಂದು ತೀರಾ ಬಿಡಿ ಆದರೆ ಅಂಚು ಅಲೆಯಲೆಯಾಗುತ್ತದೆ. ಅದು ಇಸ್ತ್ರಿಗೂ ಬಗ್ಗುವುದಿಲ್ಲ.

ಉಳಿದ ಹಸಿರು ಚೂರುಗಳನ್ನು ಗೋಪುರದ ಬುಡದಲ್ಲಿ ಉದುರಿಸಿ, ಮೇಲೆ ತೆಳು ನೆಟ್ ಹಾಸಿ ಹೊಲಿದರೆ ಪೊದೆ ರೆಡಿ.

ಅಂಚು, ತೂಗು

ಸ್ಕೇಲು ಹಿಡಿದು 20x30ಕ್ಕೆ ಕತ್ತರಿಸಿ. ಎರಡೂವರೆ ಇಂಚಿನ ಪಟ್ಟಿಯನ್ನು ಉದ್ದಕ್ಕೆ ಮಡಚಿ, ಸುತ್ತ ಕಾಲಿಂಚಿಗೆ ಹೊಲಿದು ಹಿಂದಕ್ಕೆ ತಿರುಗಿಸಿ ಕೈಹೊಲಿಗೆ ಹಾಕಿ.

ಹಿಂದೆ ಮೇಲಂಚಿಗೆ ಕೋಲು ತೂರಿಸಲು ಬಟ್ಟೆಯ ಕೊಳವೆ ಬೇಕು. ಎಂಟೂವರೆ ಇಂಚು ಅಗಲದ ಪಟ್ಟಿ ಸಾಕಾಗುತ್ತದೆ. ಕೊಳವೆ ಸ್ವಲ್ಪ ಸಡಿಲ ಇರಲಿ. ಬಿಗಿಯಾದರೆ ಕೋಲಿನ ಉಬ್ಬು ಆಕಾಶದಲ್ಲಿ ಕಾಣುತ್ತದೆ. ಅದನ್ನು ಹೊಲಿಯುವಾಗ ಸೂಜಿ ಮುಂಬದಿಗೆ ಬಾರದಂತೆ ನೋಡಿಕೊಳ್ಳಿ.

ನೇರ ಬಿಸಿಲು ಬೀಳುವ ಗೋಡೆ ಮಾತ್ರ ಬೇಡ. ನಿಜವಾದ ಗಿಡಕ್ಕೆ ಬಿಸಿಲು ಬೇಕು, ಈ ಗಿಡಕ್ಕೆ ಅದು ಆಗಿಬರುವುದಿಲ್ಲ.