ಹುಷಾರಾಗಿರುವ ಮಗುವಿಗೆ ಮೂರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್

ನಾನು ಉಡುಪಿಯಲ್ಲಿ ಮಕ್ಕಳ ಡಾಕ್ಟರ್. ಬೆಕ್‌ವಿತ್-ವೀಡಮನ್ ಸಿಂಡ್ರೋಮ್ (ದೇಹ ಅತಿಯಾಗಿ ಬೆಳೆಯುವ, ಹುಟ್ಟಿನಿಂದಲೇ ಇರುವ ತೊಂದರೆ) ಇರುವ ಕೆಲವು ಮಕ್ಕಳನ್ನು ಹುಟ್ಟಿದಾಗಿನಿಂದ ನೋಡುತ್ತಾ ಬಂದಿದ್ದೇನೆ. ನಾಲಿಗೆ ದೊಡ್ಡದಿರುತ್ತದೆ, ಹುಟ್ಟುವಾಗಲೇ ತೂಕ ಜಾಸ್ತಿ, ಕೆಲವರಿಗೆ ಒಂದು ಕಾಲು ಇನ್ನೊಂದಕ್ಕಿಂತ ದಪ್ಪ. ಮನೆಯವರ ಕಣ್ಣಿಗೆ ಗುಂಡುಗುಂಡಾದ ಮಗು. ಆದರೆ ಈ ಮಕ್ಕಳಿಗೆ ಕಿಡ್ನಿಯಲ್ಲಿ ವಿಲ್ಮ್ಸ್ ಗೆಡ್ಡೆ, ಲಿವರಿನಲ್ಲಿ ಹೆಪಟೊಬ್ಲಾಸ್ಟೋಮಾ ಎಂಬ ಕ್ಯಾನ್ಸರ್ ಗೆಡ್ಡೆಗಳು ಬರುವ ಸಾಧ್ಯತೆ ಬೇರೆ ಮಕ್ಕಳಿಗಿಂತ ಜಾಸ್ತಿ. 11ನೇ ಕ್ರೋಮೋಸೋಮಿನಲ್ಲಿ ಬೆಳವಣಿಗೆಗೆ ಲಗಾಮು ಹಾಕುವ ಜೀನ್‌ಗಳು ಸರಿಯಾಗಿ ಕೆಲಸ ಮಾಡದಿರುವುದೇ ಕಾರಣ.

ಹಾಗಾಗಿ ಮೂರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಬೇಕು. ಕಿಡ್ನಿಯನ್ನು ಏಳು ವರ್ಷ ತುಂಬುವವರೆಗೂ ನೋಡುತ್ತೇವೆ. ಇಲ್ಲೇ ಕಷ್ಟ. "ಅವ ಆರಾಮ ಇದ್ದಾನಲ್ಲ ಡಾಕ್ಟ್ರೇ, ಸುಮ್ನೆ ಬೈಂದೂರಿಂದ ಯಾಕೆ ಬರುವುದು?" ಎಂದು ಅಜ್ಜಿಯರು ಕೇಳುತ್ತಾರೆ. ನಾನು ಹೇಳುವುದಿಷ್ಟೆ: ಅಮ್ಮಾ, ಈ ಗೆಡ್ಡೆ ಬೇಗ ಬೆಳೆಯುತ್ತದೆ. ಎಣ್ಣೆ ತಿಕ್ಕಿ ಮೀಯಿಸುವಾಗ ನಿಮ್ಮ ಕೈಗೆ ಸಿಗುವ ಹೊತ್ತಿಗೆ ಅದು ದೊಡ್ಡದಾಗಿ ಬಿಟ್ಟಿರುತ್ತದೆ. ಸಣ್ಣದಿರುವಾಗಲೇ ಸಿಕ್ಕಿದರೆ ಚಿಕಿತ್ಸೆ ಹಗುರ, ಕೆಲವೊಮ್ಮೆ ಕಿಡ್ನಿಯ ಒಂದಷ್ಟು ಭಾಗವನ್ನೂ ಉಳಿಸಬಹುದು.

ಮೊದಲ ವರ್ಷ ಸ್ಕ್ಯಾನಿಂಗನ್ನು ಚುಚ್ಚುಮದ್ದಿಗೆ ಜೋಡಿಸುತ್ತೇನೆ. 14 ವಾರದ್ದು, ಒಂಬತ್ತು ತಿಂಗಳದ್ದು ಹೇಗೂ ಇದ್ದೇ ಇದೆಯಲ್ವಾ? ಮುಂದಿನ ತಾರೀಕನ್ನು ಅದೇ ಕಾರ್ಡಿನಲ್ಲಿ ಬರೆದುಕೊಡುತ್ತೇನೆ.

ಸ್ಕ್ಯಾನಿಂಗ್ ಕೋಣೆಗೆ ಆದಷ್ಟು ನಾನೂ ಹೋಗುತ್ತೇನೆ. ಜೆಲ್ ಬಾಟಲಿಯನ್ನು ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡಿಸುತ್ತೇನೆ. ತಣ್ಣನೆಯ ಜೆಲ್ ತಾಗಿದರೆ ಮಗು ಕಿರುಚಿ ಅಳುತ್ತದೆ, ಗಾಳಿ ನುಂಗುತ್ತದೆ, ಆ ಗಾಳಿ ಅಡ್ಡ ಬಂದು ಕಿಡ್ನಿ ಸರಿಯಾಗಿ ಕಾಣುವುದಿಲ್ಲ. ಅಮ್ಮನ ಮಡಿಲಲ್ಲೇ ಮಲಗಿಸಿ, ಎಡ, ಬಲ ಎರಡೂ ಕಿಡ್ನಿಯ ಅಳತೆಯನ್ನು ಹಳೆಯ ರಿಪೋರ್ಟಿನ ಪಕ್ಕದಲ್ಲಿಟ್ಟು ನೋಡುತ್ತೇವೆ.

ಲಿವರಿಗಾಗಿ ಮೊದಲ ಕೆಲವು ವರ್ಷ ರಕ್ತದಲ್ಲಿ ಎಎಫ್‌ಪಿ (ಲಿವರಿನಲ್ಲಿ ಈ ಗೆಡ್ಡೆ ಇದ್ದರೆ ಏರುವ ಒಂದು ಪ್ರೋಟೀನ್) ಪರೀಕ್ಷೆಯನ್ನೂ ಮಾಡಿಸುತ್ತೇವೆ. ಎಳೆಯ ಮಕ್ಕಳಲ್ಲಿ ಇದು ಸಹಜವಾಗಿಯೇ ತುಂಬ ಜಾಸ್ತಿ. ಒಂದೇ ರಿಪೋರ್ಟು ನೋಡಿ ಹೆದರಬೇಡಿ, ಇಳಿಯುತ್ತಾ ಹೋಗುತ್ತಿದೆಯಾ ಎನ್ನುವುದೇ ಮುಖ್ಯ.

"ಗ್ರಹಣದ ದಿನ ಹೊರಗೆ ಹೋದದ್ದಕ್ಕಾ?" ಎಂದು ಬಸುರಿನ ದಿನಗಳನ್ನು ನೆನೆದು ಅಳುವ ತಾಯಂದಿರಿದ್ದಾರೆ. ಖಂಡಿತ ಅಲ್ಲ. ಹೆಚ್ಚಿನ ಮಕ್ಕಳಲ್ಲಿ ಇದು ಹೊಸದಾಗಿಯೇ ಆಗಿರುತ್ತದೆ, ವಂಶದಲ್ಲಿ ಬರುವುದು ಕೆಲವರಲ್ಲಿ ಮಾತ್ರ. ಜೀನ್‌ಗಳಲ್ಲಿ ಆಗಿರುವ ಬದಲಾವಣೆ ಯಾವ ಬಗೆಯದು ಎನ್ನುವುದರ ಮೇಲೆ ಗೆಡ್ಡೆಯ ಅಪಾಯವೂ ಬೇರೆ ಬೇರೆ. ಅದಕ್ಕೇ ಜೆನೆಟಿಕ್ ಪರೀಕ್ಷೆ ಮಾಡಿಸಿ ಎಂದು ಒತ್ತಾಯಿಸುತ್ತೇನೆ.

ನಡುವೆ ಹೊಟ್ಟೆ ಉಬ್ಬಿದರೆ, ಮೂತ್ರದಲ್ಲಿ ರಕ್ತ ಕಂಡರೆ ಮೂರು ತಿಂಗಳು ಕಾಯಬೇಡಿ. ಗೆಡ್ಡೆ ಕೈಗೆ ಸಿಕ್ಕಿದಂತಾದರೆ ಒತ್ತಿ ಒತ್ತಿ ನೋಡಬೇಡಿ, ಅದೇ ದಿನ ಬನ್ನಿ.