ಒಂದೇ ಜೀನ್, ಎರಡು ಜಾಗ: ನನ್ನ ಅನುಭವ

ಒಂದು ಟ್ಯೂಬ್ ನಾಲ್ಕು ನಿಮಿಷಕ್ಕೆ ಹಳದಿಯಾಯಿತು. ಪಕ್ಕದ್ದು ಅಷ್ಟೇ ಹಳದಿಯಾಗಲು ಹನ್ನೆರಡು ನಿಮಿಷ ಹಿಡಿಯಿತು. ಎರಡರಲ್ಲೂ ಇ. ಕೋಲೈ ಬ್ಯಾಕ್ಟೀರಿಯಾ, ಎರಡರಲ್ಲೂ ಸದಾ ಆನ್ ಇರುವ ಒಂದೇ ಪ್ರೊಮೋಟರ್ (ಜೀನ್ ಚಾಲೂ ಮಾಡುವ ಸ್ವಿಚ್), ಹಳದಿ ಬಣ್ಣ ಬರಿಸುವ ಕಿಣ್ವ ತಯಾರಿಸುವ ಒಂದೇ ಲ್ಯಾಕ್‌ಝಡ್ ಜೀನ್. ಮೂಲ ಲ್ಯಾಕ್‌ಝಡ್ ಅನ್ನು ಮೊದಲೇ ತೆಗೆದಿದ್ದೆ. ಜೀನ್ ಕೂರಿಸಿದ ಜಾಗ ಮಾತ್ರ ಬೇರೆ: ಬೇಗ ಹಳದಿಯಾದದ್ದರಲ್ಲಿ ಕ್ರೋಮೋಸೋಮ್‌ನ ನಕಲು ಶುರುವಾಗುವ ಒರಿಸಿ ಹತ್ತಿರ, ಇನ್ನೊಂದರಲ್ಲಿ ನಕಲು ಮುಗಿಯುವ ಟರ್ಮಿನಸ್ ಹತ್ತಿರ.

ಇಡೀ ಕ್ರೋಮೋಸೋಮ್ ನಕಲಾಗಲು ಸುಮಾರು 40 ನಿಮಿಷ ಬೇಕು. ಆದರೆ ಪೋಷಕಾಂಶ ತುಂಬಿದ ಎಲ್‌ಬಿ ದ್ರವದಲ್ಲಿ ಕೋಶ 20-25 ನಿಮಿಷಕ್ಕೇ ಎರಡಾಗುತ್ತದೆ. ವಿಚಿತ್ರ ಅಲ್ವಾ? ಒಂದು ನಕಲು ಮುಗಿಯುವ ಮೊದಲೇ ಮುಂದಿನದು ಶುರುವಾಗಿರುತ್ತದೆ. ಕೂಪರ್ ಮತ್ತು ಹೆಲ್ಮ್‌ಸ್ಟೆಟರ್ 1968ರಲ್ಲೇ ಇದನ್ನು ಬಿಡಿಸಿ ತೋರಿಸಿದರು. ಹಾಗಾಗಿ ಒರಿಸಿ ಪಕ್ಕದ ಜೀನ್‌ಗೆ ಮೂರು-ನಾಲ್ಕು ಪಟ್ಟು ಜಾಸ್ತಿ ಕಾಪಿ ಇರುತ್ತದೆ. ಕಾಪಿ ಜಾಸ್ತಿಯಾದರೆ ಕಿಣ್ವವೂ ಜಾಸ್ತಿ.

ಮೊದಲ ಸಲ ನನಗೆ ಇದು ಸರಿಯಾಗಿ ಕಾಣಲೇ ಇಲ್ಲ. ರಾತ್ರಿಯಿಡೀ ಬೆಳೆದ ಕಲ್ಚರ್‌ನಿಂದ ನೇರ ಅಳೆದಿದ್ದೆ. ಅಷ್ಟು ಹೊತ್ತಿಗೆ ಬೆಳವಣಿಗೆ ನಿಂತು, ಶುರುವಾದ ನಕಲುಗಳೆಲ್ಲ ಮುಗಿದು, ಎರಡೂ ಕಡೆಯ ಕಾಪಿ ಸಮವಾಗಿರುತ್ತದೆ. ಬೆಳವಣಿಗೆ ನಿಧಾನವಾಗುತ್ತಿದ್ದಾಗ ತಯಾರಾದ ಕಿಣ್ವವೂ ಅದರಲ್ಲಿ ಸೇರಿಕೊಂಡಿರುತ್ತದೆ. ವ್ಯತ್ಯಾಸವೇ ಇಲ್ಲ ಎಂದು ಬರೆದಿಡುವುದರಲ್ಲಿದ್ದೆ. ಎರಡು ವಾರ ಹೋಯಿತು.

ಆಮೇಲೆ ಕಲ್ಚರನ್ನು ಮತ್ತೆ ಮತ್ತೆ ತೆಳು ಮಾಡುತ್ತಾ, ಓಡಿ (ಕಲ್ಚರ್ ಎಷ್ಟು ಮಬ್ಬಾಗಿದೆ ಎಂಬ ಅಳತೆ) 0.3 ದಾಟದ ಹಾಗೆ ನೋಡಿಕೊಂಡು, ಹಲವು ತಲೆಮಾರು ಬೆಳೆಸಿದೆ. ಕ್ಲೋರೋಫಾರ್ಮ್ ಮತ್ತು ಎಸ್‌ಡಿಎಸ್ ಎಂಬ ಡಿಟರ್ಜೆಂಟ್ ಹಾಕಿ ಕೋಶ ತೂತು ಮಾಡಿ, ಈ ಕಿಣ್ವ ಒಡೆದಾಗ ಹಳದಿಯಾಗುವ ಓಎನ್‌ಪಿಜಿ ಹಾಕಿದ ಕೂಡಲೇ ಗಡಿಯಾರ ಒತ್ತಿದೆ. ತೆಳು ಹಳದಿ ಬಂದ ಕೂಡಲೇ ಸೋಡಿಯಂ ಕಾರ್ಬೊನೇಟ್ ಹಾಕಿ ನಿಲ್ಲಿಸಬೇಕು. ಗಾಢವಾಗಲು ಬಿಟ್ಟರೆ ಆ ಅಳತೆಯನ್ನು ನಂಬುವ ಹಾಗಿಲ್ಲ. ಪ್ರತಿ ಟ್ಯೂಬಿನ ಸಮಯವನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಿ. ಕಿಣ್ವದ ಚಟುವಟಿಕೆ ಅಳೆಯುವ ಮಿಲ್ಲರ್ ಯೂನಿಟ್ ಲೆಕ್ಕ ನಿಂತಿರುವುದು ಅದರ ಮೇಲೆ. ಹೀಗೆ ಅಳೆದಾಗಲೇ ಮೊದಲು ಹೇಳಿದ ನಾಲ್ಕು-ಹನ್ನೆರಡು ನಿಮಿಷದ, ಅಂದರೆ ಮೂರು ಪಟ್ಟಿನ ವ್ಯತ್ಯಾಸ ಕಂಡಿತು.

ಇಷ್ಟಾದರೂ ಒಂದು ಅನುಮಾನ ಉಳಿದಿತ್ತು. ಕಾಪಿಯಿಂದಲ್ಲ, ಆ ಜಾಗದಲ್ಲಿ ಡಿಎನ್‌ಎಗೆ ಅಂಟಿಕೊಂಡ ಪ್ರೋಟೀನ್‌ಗಳಿಂದ ಜೀನ್ ಮಂಕಾಗಿದ್ದರೆ? ಅದೇ ಎರಡು ಸ್ಟ್ರೈನ್‌ಗಳನ್ನು ಗ್ಲೂಕೋಸ್ ಇರುವ ಮಿನಿಮಲ್ ಮೀಡಿಯಂನಲ್ಲಿ (ಕನಿಷ್ಠ ಪೋಷಕಾಂಶದ ದ್ರವದಲ್ಲಿ) ಬೆಳೆಸಿದೆ. ಅಲ್ಲಿ ಕೋಶ ಎರಡಾಗಲು ಸುಮಾರು ಒಂದು ಗಂಟೆ ಬೇಕು. ಜಾಗವೇ ಕಾರಣವಾಗಿದ್ದರೆ ಮೂರು ಪಟ್ಟು ಹಾಗೇ ಉಳಿಯಬೇಕಿತ್ತು. ಉಳಿಯಲಿಲ್ಲ, ಒಂದೂವರೆ ಪಟ್ಟಿಗೆ ಇಳಿಯಿತು. ಡಿಎನ್‌ಎ ಕಾಪಿ ಎಷ್ಟಿದೆ ಎಂದು ಅಳೆಯುವ ಕ್ಯೂಪಿಸಿಆರ್‌ನಲ್ಲಿ ಒರಿಸಿ ಮತ್ತು ಟರ್ಮಿನಸ್ ನಡುವಿನ ಅಂತರವೂ ಜೊತೆಗೇ ಇಳಿಯಿತು: ಎಲ್‌ಬಿಯಲ್ಲಿ ಸುಮಾರು 1.6 ಸೈಕಲ್ (ಒಂದು ಸೈಕಲ್ ಎಂದರೆ ಎರಡು ಪಟ್ಟು ಕಾಪಿ), ಇಲ್ಲಿ 0.7. ಇದಕ್ಕೆ ಹೋಲಿಕೆಯಾಗಿ ಇಟ್ಟುಕೊಂಡದ್ದು ಎರಡೂ ಕಡೆ ಕಾಪಿ ಸಮವಿದ್ದ, ಹಿಂದೆ ಕಾಟ ಕೊಟ್ಟಿದ್ದ ಆ ರಾತ್ರಿ ಕಲ್ಚರ್‌ನ ಡಿಎನ್‌ಎಯನ್ನೇ.